ಕರ್ನಲ್ ಇಟ್ಟುಕೊಂಡ ಕಲೆ

ಶಿಗ್ಗಾಂವದ ಕಾಳಿನ ಅಂಗಡಿಗಳ ಹಿಂದಿನ ಓಣಿಯಲ್ಲಿ ಬೆಳಕು ಹರಿಯುತ್ತಲೇ ಜರಡಿ ಯಂತ್ರ ಶುರುವಾಗುತ್ತದೆ. ಗೋವಿನಜೋಳ ತಗಡಿನ ಮೇಲೆ ಉರುಳುವ ಸದ್ದು, ನಡುನಡುವೆ ಹರಳೊಂದು ಸಿಡಿದು ಬೀಳುವ ಟಣ್. ಪದ್ಮಜಾ ಆ ಟಣ್‌ಗೆ ಕಿವಿಗೊಟ್ಟೇ ಚಹಾ ಕುಡಿಯುತ್ತಾಳೆ. ಊರಿನ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು ಅವಳು. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ, ಫ್ಯಾನು ತಿರುಗದಿದ್ದರೂ ಅವಳನ್ನೇ ಕರೆಯುತ್ತಾರೆ. ಕರೆದವರು ಅವಳು ಹೇಳುವುದನ್ನು ಪೂರ್ತಿ ಕೇಳಿದ್ದು ಕಡಿಮೆ.

ಈ ಸಲ ಕರೆಯದೆಯೇ ಹೋದಳು. ಸರ್ವರಿನಲ್ಲಿದ್ದ ಇಂಟರ್ನಲ್ ಮಾರ್ಕ್ಸ್ ಯಾರೋ ತಿದ್ದಿದ್ದರು. ಸರ್ವರ್ ಕೋಣೆಯ ಬೀಗ ಮುರಿದಿರಲಿಲ್ಲ. ಕೀಲಿ ಇರುತ್ತಿದ್ದುದು ಅಟೆಂಡರ್ ಲಕ್ಕಪ್ಪನ ಹತ್ತಿರ. ಅವನನ್ನು ಅನುಮಾನಿಸಲು ಅಷ್ಟು ಸಾಕಾಯಿತು. ಸೋಮವಾರ ವಿಚಾರಣೆಯ ಕಮಿಟಿ ಕೂರುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಅವನು ದಿನವೂ ದುಂಡಸಿಯ ಬಸ್ಸಿಗೆ ಬಂದು ಸೈಕಲ್ ಸ್ಟ್ಯಾಂಡಿನ ಬೇವಿನ ಕೆಳಗೆ ಕೂರುತ್ತಿದ್ದ.

“ಮನ್ಯಾಗ ಇರಬಾರದೇನು, ಲಕ್ಕಪ್ಪ?” ಎಂದಳು ಪದ್ಮಜಾ.

“ಮನ್ಯಾಗ ಕುಂತ್ರ ಕಳ್ಳ ಅಂತಾರ್ರಿ ಮೇಡಂ. ಇಲ್ಲಿ ಕುಂತ್ರ ಬರೇ ಕೆಲಸಿಲ್ಲದಾಂವ ಅಂತಾರ. ನಾ ಆ ಪೆಟ್ಟಿಗಿ ಧೂಳಾ ಒರಸಾಂವ. ಅದರ ಹೊಟ್ಟ್ಯಾಗ ಏನೈತಿ ನನಗೇನ್ ಗೊತ್ತರಿ?”

ಆ ಪೆಟ್ಟಿಗೆಯ ಹೊಟ್ಟೆಯಲ್ಲಿ ಏನೋ ಇತ್ತು. ಯಂತ್ರವನ್ನು ಒಳಗಿನಿಂದ ನಡೆಸುವುದು ಕರ್ನಲ್. ಅದಕ್ಕೆ ಜೋಡಿಸುವ ತುಣುಕುಗಳು ಮಾಡ್ಯೂಲ್‌ಗಳು. ಹೊರಗಿನ ತುಣುಕೊಂದು ಸೇರಿದರೆ ಕರ್ನಲ್ ತನ್ನ ಮೇಲೆ ತಾನೇ ಒಂದು ಕಲೆ, ಒಂದು ಅಂಕಿಯ ಗುರುತು, ಇಟ್ಟುಕೊಳ್ಳುತ್ತದೆ. ಇಲ್ಲಿ ಕಲೆ ಇತ್ತು. ಆದರೆ ಒಳಗೆ ಯಾವ ಯಾವ ಮಾಡ್ಯೂಲ್ ಇವೆ ಎಂದು ಕೇಳಿದರೆ ಎಲ್ಲವೂ ಮನೆಯವೇ. ಹೊರಗಿನದು ಒಂದೂ ಇಲ್ಲ. ಪದ್ಮಜಾ ಮತ್ತೆ ಮತ್ತೆ ಕೇಳಿದಳು. ಯಂತ್ರ ಅದೇ ಸಾಚಾ ಮುಖದಲ್ಲಿ ಅದೇ ಉತ್ತರ ಕೊಟ್ಟಿತು. ಹೊಕ್ಕ ತುಣುಕು ತನ್ನನ್ನು ಬಚ್ಚಿಟ್ಟು, ಯಂತ್ರದಿಂದಲೇ ಸುಳ್ಳು ಹೇಳಿಸುತ್ತಿತ್ತು.

ಮನೆಯಲ್ಲಿ ತಾಯಿ ಕೃಷ್ಣಾಬಾಯಿ ಮಡಿಸೀರೆಯನ್ನು ಕೋಲಿನಿಂದ ಎತ್ತರದ ಗಳಕ್ಕೆ ಏರಿಸುತ್ತ ಕೇಳಿಸಿಕೊಂಡರು.

“ಯಾರೂ ಮುಟ್ಟಿಲ್ಲ ಅಂತದ, ಆದ್ರ ಮಡಿ ಕೆಟ್ಟದ. ಹೌದಲ್ಲ?”

“ಹೂಂ ಅವ್ವಾ.”

“ಮತ್ತ ಸುಳ್ಳು ಹೇಳೋ ಪೆಟ್ಟಿಗಿನ್ನೇ ಎದುರು ಕೂಡ್ರಿಸ್ಕೊಂಡು ಯಾಕ ಕೇಳ್ತೀ? ಹೊರಗ ನಿಂತು ನೋಡು.”

ದಾರಿ ಅದೊಂದೇ. ಯಂತ್ರ ಆರಿಸಿ, ನಂಬಿಕೆಯ ಪೆನ್‌ಡ್ರೈವಿನಿಂದ ಎಬ್ಬಿಸಿ, ನಿದ್ದೆಯಲ್ಲಿರುವ ಡಿಸ್ಕನ್ನು ಹೊರಗಿನಿಂದ ನೋಡಬೇಕು. ಪ್ರತಿಯೊಂದು ಮಾಡ್ಯೂಲನ್ನೂ ಅದರ ಮೂಲ ಪ್ರತಿಯ ಜತೆ ಹೋಲಿಸಬೇಕು. ಹೊರಗಿನದು ಯಾವಾಗ, ಯಾವ ದಾರಿಯಲ್ಲಿ ಬಂತೆಂಬ ಗುರುತೂ ಅಲ್ಲೇ ಸಿಗಬಹುದು. ಇಂಟರ್ನೆಟ್ಟಿನ ತಂತಿಯೊಳಗಿಂದ ಬಂದಿದ್ದರೆ ಲಕ್ಕಪ್ಪನ ಕೀಲಿಗೆ ಏನು ಕೆಲಸ?

ಯಂತ್ರ ಆರಿಸಲು ಒಪ್ಪಿಗೆ ಕೇಳಿದಾಗ, “ಎಲ್ಲಾ ನಡದೈತಲ್ಲ?” ಎಂದರು ಪ್ರಿನ್ಸಿಪಾಲರು.

“ನಡದದ ಸರ್. ಅದಕ್ಕ ಹೆದರಿಕಿ.”

“ನಡದಿದ್ದಕ್ಕ ಹೆದರೋರು ಅಂದ್ರ ನಿಮ್ಮನ್ನ ಒಬ್ಬರನ್ನ ನೋಡಿದೆ. ಪರೀಕ್ಷಾ ಫಾರ್ಮ್ ಮುಗೀಲಿ, ಶನಿವಾರ ಆರಸೂಣು. ಒಳಗ ಏನೋ ಹೊಕ್ಕೈತಿ ಅಂದ್ರಲ್ಲ? ನೆನಪ ಇಟ್ಕೋತೇನಿ.”

ನೆನಪಿಟ್ಟುಕೊಂಡರು. ಶನಿವಾರ ಪೆನ್‌ಡ್ರೈವ್ ಹಿಡಿದು ಹೋದಾಗ ಸರ್ವರ್ ಕೋಣೆಯಲ್ಲಿ ಊದಿನಕಡ್ಡಿಯ ವಾಸನೆ, ಯಂತ್ರದ ಹಣೆಗೆ ಕುಂಕುಮ. ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಅಂಗಡಿಯ ಶಿವಯೋಗಿ ಕೈ ಒರೆಸಿಕೊಳ್ಳುತ್ತಿದ್ದ.

“ಬರ್ರಿ ಮೇಡಂ. ನಿಮಗ್ಯಾಕ ತ್ರಾಸ ಅಂತ ಇವರನ್ನ ಕರಸಿದೆ,” ಪ್ರಿನ್ಸಿಪಾಲರು ನಿಜವಾದ ಸಂತೋಷದಿಂದ ಹೇಳಿದರು. “ಪೂರಾ ಫಾರ್ಮ್ಯಾಟ್. ಈಗ ಸ್ವಚ್ಛ ಐತಿ.”

“ಹಳೇ ಡಿಸ್ಕ್?”

“ಅದನ್ನ ಅಳಿಸಿ ಅದರ ಮ್ಯಾಲೇ ಹೊಸಾದು ಹಾಕೇನ್ರಿ ಅಕ್ಕಾರ,” ಎಂದ ಶಿವಯೋಗಿ. “ಮಾರ್ಕ್ಸು, ಫಾರ್ಮು ಅಷ್ಟ ಕಾಪಿ ತಗದೇನಿ. ಉಳಿದದ್ದು ಒಂದ್ ಎಳಿ ಬಿಟ್ಟಿಲ್ರಿ.”

ಪದ್ಮಜಾ ಕೂತು ಯಂತ್ರವನ್ನು ಕೇಳಿದಳು. ಕಲೆ ಇರಲಿಲ್ಲ. ಇಷ್ಟು ದಿನಗಳಲ್ಲಿ ಮೊದಲ ಸಲ ಅದು ನಿಜ ಹೇಳುತ್ತಿತ್ತು.

“ಕಮಿಟಿಯವರಿಗೆ ಏನ್ ತೋರಸೋದು ಸರ್?”

“ಸ್ವಚ್ಛ ಐತಿ ಅಂತ ತೋರಸೋದು.”

“ಸ್ವಚ್ಛ ಇದ್ರ ತಿದ್ದಿದ್ದು ಯಾರು ಅಂತಾರ. ಆಗ ಉಳಿಯಾಂವ ಲಕ್ಕಪ್ಪ ಒಬ್ಬನ.”

ಪ್ರಿನ್ಸಿಪಾಲರು ಯಂತ್ರದ ಹಣೆಯ ಕುಂಕುಮದ ಕಡೆ ನೋಡಿದರು. ಶಿವಯೋಗಿ ತನ್ನ ಚೀಲದ ಜಿಪ್ ಎಳೆದುಕೊಂಡ.

ಕಲೆ ಕಂಡ ದಿನ ತೆಗೆದ ಫೋಟೋ ಒಂದು ಅವಳ ಫೋನಿನಲ್ಲಿತ್ತು. ಕಪ್ಪು ಪರದೆಯ ಮೇಲೆ ಬಿಳಿಯ ಅಂಕಿ, ಅಷ್ಟೇ. ಯಾರು ಬೇಕಾದರೂ ಬರೆಯಬಹುದಾದ ಅಂಕಿ.

ಬೇವಿನ ಕೆಳಗೆ ಲಕ್ಕಪ್ಪ ಎದ್ದು ನಿಂತ. “ಸಿಕ್ತೇನ್ರಿ ಮೇಡಂ?”

“ಇಲ್ಲ. ಒರಸಿಬಿಟ್ಟಾರ.”

“ಒರಸೋದು ನನ್ನ ಕೆಲಸಿತ್ತಲ್ರಿ,” ಎಂದು ನಗಲು ನೋಡಿದ.

ಅವಳಿಗೆ ನಗು ಬರಲಿಲ್ಲ. ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿದಳು.

“ಸೋಮವಾರ ನಾನೂ ಬರ್ತೇನಿ. ನಾ ನೋಡಿದ್ದನ್ನ ನಾ ಹೇಳ್ತೇನಿ. ಅವರು ತೋರಸ್ರಿ ಅಂದ್ರ, ಆಗ ನಾ…” ಎನ್ನುತ್ತಲೇ ಪದ್ಮಜಾ ಅವನ ಮುಖ ನೋಡದೆ ಗೇಟಿನ ಕಡೆ ನಡೆದುಬಿಟ್ಟಳು.