ನಾಣ್ಯದ ಊರು, ಮೊಳೆಯ ತೂತು

ನಮ್ಮ ಕಡೆಯ ಬಸ್ಸುಗಳಲ್ಲಿ ಟಿಕೀಟಿಗಿಂತ ಮೊದಲು ಕೊಡಬೇಕಾದುದು ಊರಿನ ಹೆಸರು. ಔರಾದಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಎಲೆಯಡಿಕೆಯ ಚೀಲದ ದಾರ ಸಡಿಲಿಸುತ್ತಲೇ, "ನಿಮ್ದು ಯಾವೂರ್ರಿ?" ಎನ್ನುತ್ತಾರೆ. ಹುಟ್ಟಿದ್ದು ಮನ್ನಳ್ಳಿ, ಓದಿದ್ದು ಭಾಲ್ಕಿ, ಮಾಸ್ತರಿಕೆ ಔರಾದ, ಮನೆ ಬೀದರ ಎಂಬ ನನ್ನಂಥವನಿಗೆ ಇದು ಮೆಟ್ರಿಕ್ ಪರೀಕ್ಷೆಗಿಂತ ಕಠಿಣವಾದ ಪ್ರಶ್ನೆ. ಇದನ್ನೇ ನಾನೊಮ್ಮೆ ಒಂದು ತಾಮ್ರದ ನಾಣ್ಯಕ್ಕೆ ಕೇಳಿ, ಉತ್ತರ ಬರುವವರೆಗೆ ಬಿಡೆನೆಂದು ಬೆನ್ನುಹತ್ತಿ, ಹೆತ್ತ ತಾಯಿಯ ಮಾನವನ್ನೇ ಪಣಕ್ಕಿಟ್ಟ ಸಂಗತಿಯನ್ನು ನಿಮಗೆ ಹೇಳಿಬಿಡುತ್ತೇನೆ.

ನಾಣ್ಯ ನನ್ನದಲ್ಲ, ಬೀದರದಲ್ಲಿ ನಮ್ಮ ಬಾಜೂ ಮನೆಯ ಜುಲೇಖಾಬಿಯದು. ಆಕೆಯ ಗಂಡ ಬಿದರಿ ಹೂಜಿಗಳಿಗೆ ಬೆಳ್ಳಿಯ ಬಳ್ಳಿ ಕೂಡಿಸುವ ಕುಶಲಕರ್ಮಿ. ರಜಾಕಾರರ ಹಾವಳಿಯಲ್ಲಿ ನಾವು ಭಾತಂಬ್ರಾದ ಸೋದರಮಾವನ ಮನೆ ಸೇರಿದಾಗ ನಮ್ಮ ಬೀಗದ ಕೈ ಇದ್ದದ್ದು ಆಕೆಯ ಸೊಂಟದಲ್ಲಿ. ಪೊಲೀಸ್ ಆ್ಯಕ್ಷನ್ ಆದ ಮೇಲೆ ನಿಜಾಮನ ಆಳ್ವಿಕೆ ಮುಗಿದು, ಹೆದರಿಕೆ ಗೋಡೆಯಾಚೆ ಅವರ ಮನೆಗೆ ದಾಟಿತು. ಅವರು ಹೈದರಾಬಾದಿನ ನಂಟರಲ್ಲಿಗೆ ಹೊರಟರು. ಹೊರಡುವಾಗ ಕರಿದಾರದಲ್ಲಿ ಪೋಣಿಸಿದ ಈ ನಾಣ್ಯವನ್ನು, ಅವರ ಮನೆಯ ಕೂಸುಗಳಿಗೆಲ್ಲ ದೃಷ್ಟಿ ತಾಕದಂತೆ ಕಟ್ಟುತ್ತಿದ್ದ ತಾಯಿತವನ್ನು, ಆಕೆ ಅವ್ವನ ಕೈಗಿಟ್ಟಳು.

"ದಾರ್ಯಾಗ ಯಾರರೆ ಕಸಗೊಂಡ್ರ ಏನ್ ಮಾಡ್ಲಿ ಅಕ್ಕಾ, ನಿಮ್ಮ ಬಲ್ಲಿ ಇರ್ಲಿ."

ಅವ್ವ ಅದನ್ನು ದೇವರ ಮಾಡದಲ್ಲಿ ವಿಭೂತಿಗಟ್ಟಿಯ ಪಕ್ಕ ಇಟ್ಟಳು.

ನನಗಾಗ ನಾಣ್ಯಸಂಗ್ರಹದ ಹುಚ್ಚು ಹೊಸದಾಗಿ ಹಿಡಿದಿತ್ತು. ಚಾರ್ಮಿನಾರಿನ ಚಿತ್ರವಿದ್ದ ನಿಜಾಮನ ಹಾಲಿ ಸಿಕ್ಕಾ, ಸವೆದ ಬಹಮನಿ ಕಾಸುಗಳ ಆಚೆ ಏನೂ ಅರಿಯದ ನಾನು, ಮುಖ್ಯೋಪಾಧ್ಯಾಯರು ಕೊಟ್ಟ ಇಂಗ್ಲಿಷ್ ಪುಸ್ತಕದ ಚಿತ್ರವೊಂದನ್ನು ಕಂಡು ಬೆಚ್ಚಿದೆ: ನಮ್ಮ ಮಾಡದಲ್ಲಿರುವುದು ಪ್ರಾಚೀನ ರೋಮಿನ ನಾಣ್ಯ! ಒಂದು ಬದಿಗೆ ದೊರೆಯ ತಲೆ, ಇನ್ನೊಂದಕ್ಕೆ ನಿಂತ ಮೂರ್ತಿ. ಮೂರ್ತಿಯ ಕಾಲಡಿಯ ಗೆರೆಯ ಕೆಳಗೆ, ಅದು ಆ ಸಾಮ್ರಾಜ್ಯದ ಯಾವ ಊರಿನ ಟಂಕಸಾಲೆಯಲ್ಲಿ ಅಚ್ಚಾಯಿತೆಂದು ಹೇಳುವ ಮೂರು ನಾಲ್ಕು ಅಕ್ಷರಗಳಿರಬೇಕು. ಗಡಿಯಾರ ರಿಪೇರಿಯವನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದರೆ ಕಪ್ಪಿನ ಹೊರತು ಏನೂ ಇಲ್ಲ. ತಾಮ್ರದ ವಿಷಯದಲ್ಲಿ ನಮ್ಮ ಮನೆಗಳಲ್ಲಿರುವುದು ಒಂದೇ ಶಾಸ್ತ್ರ, ಹುಣಸೆಹಣ್ಣು ಮತ್ತು ಬೂದಿ. ಪೂಜೆಯ ತಂಬಿಗೆಯನ್ನು ತಿಕ್ಕುವ ಶ್ರದ್ಧೆಯಿಂದಲೇ ತಿಕ್ಕಿದೆ. ಹಳೆಯ ನಾಣ್ಯಕ್ಕೆ ಕಪ್ಪೇ ಚರ್ಮ, ಅದನ್ನು ಎಂದಿಗೂ ಉಜ್ಜಕೂಡದು ಎಂಬ ಉಪದೇಶ ಪುಸ್ತಕದ ಮುಂದಿನ ಅಧ್ಯಾಯದಲ್ಲಿತ್ತು. ನಾನಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ.

ಅಕ್ಷರಗಳೇನೋ ಹೊಳೆದು ಕಂಡವು: ಮೊದಲು ಎಸ್, ಎಮ್, ಕೊನೆಗೆ ಎ, ನಡುವೆ ದಾರದ ತೂತು. ಮೊದಲೆರಡು 'ಪವಿತ್ರ ನಾಣ್ಯ' ಎಂಬ ಬಿರುದು, ಕೊನೆಯದು ಟಂಕಸಾಲೆಯೊಳಗಿನ ಕಮ್ಮಟದ ನಂಬರು. ಊರಿನ ಅಕ್ಷರವಿದ್ದದ್ದು ನಡುವೆ. ವಿಳಾಸದಲ್ಲಿ 'ಶ್ರೀ' ಉಳಿದಿತ್ತು, ಮನೆ ನಂಬರೂ ಉಳಿದಿತ್ತು, ಊರೊಂದೇ ಹೋಗಿತ್ತು. ದೊರೆಯ ಮುಖ ಕೆಡಬಾರದೆಂದು ತಲೆಯ ಮೇಲ್ಗಡೆ ಮೊಳೆ ಹೊಡೆದ ಪುಣ್ಯಾತ್ಮರಿಗೆ, ಹಿಂಬದಿ ತಲೆಕೆಳಗಾಗಿ ಅಚ್ಚಾಗಿದೆ, ಆ ಮೊಳೆ ಅಲ್ಲಿ ಮೂರ್ತಿಯ ಕಾಲಡಿಗೇ ಹೊರಬೀಳುತ್ತದೆ ಎಂದು ಹೇಗೆ ತಿಳಿಯಬೇಕು? ಮನಸಾರೆ ಬೈದೆ.

ಆದರೂ ಬಿಡಲಿಲ್ಲ. ಕಾಗದ ಹೊದಿಸಿ ಸೀಸದಕಡ್ಡಿ ತಿಕ್ಕಿ ನೆರಳಚ್ಚು ತೆಗೆದೆ. ಬಿಸಿಲಿಗೆ ಓರೆಯಾಗಿ ಹಿಡಿದು ಕಣ್ಣಲ್ಲಿ ನೀರು ತರಿಸಿಕೊಂಡೆ. ತೂತಿನ ಅಂಚಿನಲ್ಲಿ ಮೊಳೆ ಎಬ್ಬಿಸಿದ ಮುಳ್ಳೊಂದು ಮಡಚಿಕೊಂಡಿತ್ತು. ಊರಿನ ಅಕ್ಷರದ ಒಂದು ಕಾಲಾದರೂ ಅದರಡಿ ಅಡಗಿರಬೇಕೆಂದು, ಮುಳ್ಳನ್ನು ಉಜ್ಜಿಹಾಕಲು ಅಕ್ಕಸಾಲಿಗನಿಂದ ಅರ ಬೇಡಿ ತಂದೆ. ಅವ್ವ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು.

"ಮಂದಿ ಇಟ್ಟ ಒಡವಿ ಇದ್ದಂಗ ತಿರುಗಿ ಕೊಡಬೇಕೋ. ತಿಕ್ಕಿದ್ದು ಸಾಲಲಿಲ್ಲೇನು ನಿನಗ?"

ಎಂಟು ತಿಂಗಳ ಮೇಲೆ ಜುಲೇಖಾಬಿ ಮರಳಿದಳು, ಕಂಕುಳಲ್ಲಿ ಹೊಸ ಮೊಮ್ಮಗಳು. ಬಂದವಳು ಮೊದಲು ಕೇಳಿದ್ದು ತಾಯಿತವನ್ನು. ಅವ್ವ ತಂದುಕೊಟ್ಟಳು. ಆಕೆ ಅಂಗೈಯನ್ನು ನೋಡಿದಳು, ಅವ್ವನ ಮುಖ ನೋಡಿದಳು.

"ಇದು ನಂದಲ್ರಿ ಅಕ್ಕಾ. ನಂದು ಕರ್ರಗ ಇತ್ತು."

ಬೇರೆ ಕಾಲವಾಗಿದ್ದರೆ ನಕ್ಕುಬಿಡಬಹುದಾದ ಮಾತು. ಆದರೆ ಬಿಟ್ಟುಹೋದ ಮನೆಗಳ ಸಾಮಾನು ಯಾರ್ಯಾರದೋ ಪಾಲಾಗಿದ್ದ ದಿನಗಳವು. ಅವ್ವ ನನ್ನತ್ತ ತಿರುಗಿದಳು. ನಾನು ಹುಣಸೆಹಣ್ಣಿನ ಅಪರಾಧ ಒಪ್ಪಿಕೊಂಡೆ, ಪುಸ್ತಕ ತಂದೆ, ದೊರೆಯನ್ನೂ ಅಕ್ಷರಗಳನ್ನೂ ಸಾಕ್ಷಿಗೆ ಕರೆದೆ. ನನ್ನ ಪಾಂಡಿತ್ಯದ ಒಂದು ಮಾತೂ ಆಕೆಗೆ ಬೇಕಾಗಲಿಲ್ಲ. ಕಣ್ಣುಮುಚ್ಚಿ ಹೆಬ್ಬೆರಳನ್ನು ಮೆಲ್ಲಗೆ ತೂತಿನ ಅಂಚಿಗೆ ಒತ್ತಿದಳು.

"ಚುಚ್ಚತದ," ಎಂದಳು. "ನಮ್ಮ ಅಮ್ಮಿ ಮೊಳಿ ಹೊಡದಿದ್ದು. ಸಣ್ಣಾಕಿ ಇದ್ದಾಗ ಎದಿಗಿ ಚುಚ್ಚತಿತ್ತು, ಅಳತಿದ್ದೆ. ನಂದೇ ಅದರಿ ಅಕ್ಕಾ, ನಂದೇ ಅದ."

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನನ್ನ ಕೈಗೆ ಆ ಅರ ದಕ್ಕಿದ್ದರೆ ಏನಾಗುತ್ತಿತ್ತೆಂದು ನೆನೆದು ನಾನು ಗೋಡೆಗೆ ಒರಗಿ ನಿಂತೆ. ರೋಮಿನ ದೊರೆ ಒತ್ತಿದ ಗುರುತನ್ನು ಅಳಿಸಿದಳೆಂದು ನಾನು ಶಪಿಸಿದ ಆ ತಾಯಿ ತನ್ನದೊಂದು ಗುರುತನ್ನು ಒತ್ತಿ ಹೋಗಿದ್ದಳು, ಮತ್ತು ನಮ್ಮ ಮನೆಯ ಮಾನ ಉಳಿದದ್ದು ಅದರಿಂದ.

ನಾಣ್ಯ ಯಾವ ಊರಿನದೆಂದು ಇಂದಿಗೂ ಗೊತ್ತಾಗಿಲ್ಲ. ಹಟವೂ ಹೋಗಿಲ್ಲ, ಸೀಸದಕಡ್ಡಿಯ ನೆರಳಚ್ಚನ್ನು ಮುಂದಿಟ್ಟುಕೊಂಡು, ತೂತಿನ ಜಾಗಕ್ಕೆ ಒಮ್ಮೆ ಕೆ, ಒಮ್ಮೆ ಎನ್ ಎಂದು ಒಂದೊಂದು ಊರನ್ನು ಹಚ್ಚಿ ನೋಡುತ್ತಲೇ ಇದ್ದೇನೆ. ಆದರೆ ಮೊನ್ನೆ ಔರಾದದ ಬಸ್ಸಿನಲ್ಲಿ ಎಲೆಯಡಿಕೆಯ ಚೀಲ ಬಿಚ್ಚುತ್ತ ಹಿರಿಯರೊಬ್ಬರು ಯಾವೂರ್ರಿ ಎಂದು ಕೇಳಿದಾಗ, ಯಾಕೋ ತಡವರಿಸಲಿಲ್ಲ.

"ಬೀದರ್ರಿ," ಎಂದೆ. "ಜುಲೇಖಾಬಿ ಅವರ ಬಾಜೂ ಮನಿ."