ನಡುವ ಒಂದೊಂದು ಬಿಡವ್ವಾ

ಇವತ್ತು ಮಗಳು ಹೊಸ ಕೀಬೋರ್ಡ್ ಮುಂದೆ ಕೂತು ಅಕ್ಕಪಕ್ಕದ ಮೂರು ಬಿಳಿ ಕೀ ಒಟ್ಟಿಗೇ ಒತ್ತಿದಳು. ಆ ಕರ್ಕಶ ಸದ್ದು ನನ್ನನ್ನು ಸೀದಾ ಬಾದನಹಟ್ಟಿಯ ಅಜ್ಜನ ಮನೆ ಪಡಸಾಲೆಗೆ ಎಳೆದೊಯ್ದಿತು.

ಚಿಕ್ಕವಳಿದ್ದಾಗ ಅಜ್ಜನ ಭಜನೆ ಹಾರ್ಮೋನಿಯಂ ಮೇಲೆ ನಾನೂ ಹಾಗೇ ಒತ್ತಿದ್ದೆ. "ಮುಟ್ಟಬ್ಯಾಡಲೇ, ಕೆಟ್ಟೀತು!" ಅಂತ ಅಜ್ಜ ಅದನ್ನು ಮುಚ್ಚಲು ಬಂದ. ಮೂಲೆಯಲ್ಲಿ ನಾಟಿಗೆಂದು ಮೆಣಸಿನ ಸಸಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೇ ಅಂದಳು: "ಒತ್ತೊತ್ತಾಗಿ ಹಚ್ಚಿದ್ರ ಯಾವ ಸಸಿ ಬೆಳೀತೈತಿ? ನಡುವ ಒಂದೊಂದು ಬಿಡವ್ವಾ."

ನಡುವೆ ಒಂದೊಂದು ಕೀ ಬಿಟ್ಟು ಒತ್ತಿದೆ. ಮೂರೂ ಸ್ವರ ಕೂಡಿ ಹಾಡಿದವು. ಅಜ್ಜನ ಕೈ ಮುಚ್ಚಳದ ಮೇಲೇ ನಿಂತಿತು. "ಇನ್ನೊಮ್ಮೆ ಒತ್ತು" ಅಂದ.

ಮಗಳ ಬೆರಳುಗಳನ್ನು ಹಾಗೇ ಬಿಡಿಸಿಟ್ಟೆ.

"ಆ್ಯಪಿನಾಗ ಹೇಳಿದ ಮೂರು ಸ್ವರದ ಕಾರ್ಡ್ ಇದೇ! ನಿನಗ್ಯಾರು ಕಲಿಸಿದ್ರಮ್ಮಾ?"

"ನಮ್ಮಜ್ಜಿ. ಆಕಿ ಹಾರ್ಮೋನಿಯಂ ಒಮ್ಮೆನೂ ಮುಟ್ಟಿರಲಿಲ್ಲ."