ಕೈ ಕಟ್ಟಿದರೆ ಸಿಟ್ಟಂತೆ!

"ನೀವು ಪಾಸಾಗೋದಾ? ಚಾನ್ಸೇ ಇಲ್ಲ ಬಿಡ್ರೀ" ಎಂದವರು ಪ್ರಭಾಕರ್. ನುಂಗಂಬಾಕ್ಕಂನ ನಮ್ಮ ವಿಮಾ ಕಚೇರಿಯಲ್ಲಿ ಅವರದು ನನ್ನ ಪಕ್ಕದ ಸೀಟು. ಮೈಸೂರಿನವರು. ಅಲ್ಲಿ ಕನ್ನಡದಲ್ಲಿ ಕಾಲೆಳೆಯಬಲ್ಲವರು ಅವರೊಬ್ಬರೇ. (ಚೆನ್ನೈನಲ್ಲಿ ಅದೂ ಒಂದು ಭಾಗ್ಯವೇ ಅನ್ನಿ.)

ವಿಷಯ ಬಾಡಿ ಲಾಂಗ್ವೇಜ್ ತರಬೇತಿಯದು. ಕೊನೆಯ ದಿನ ಎಲ್ಲರೆದುರು ನಿಂತು ಮಾತಾಡಬೇಕು. ಪಾಸಾದರೆ ಸರ್ಟಿಫಿಕೇಟ್. ಅದಿದ್ದವರಿಗಷ್ಟೇ ಗ್ರಾಹಕರ ಎದುರು ಕೂರುವ ಕೆಲಸ. ಇಲ್ಲದವರು ಒಳಗಿನ ರೂಮಿನಲ್ಲಿ ಕ್ಲೇಮ್ ಫೈಲುಗಳ ಜೊತೆ ಮಾತಾಡಿಕೊಂಡಿರಬಹುದು. ಆ ರೂಮಿನಲ್ಲಿ ನಾನು ಸಾಕಷ್ಟು ಕೂತಾಗಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಖ ಕಂಡ ಮೊದಲನೆಯವಳು ನಾನು. ಬಿ.ಕಾಂ. ಓದಿದ್ದು ಫೈಲಿನ ಧೂಳು ಕುಡಿಯಲಿಕ್ಕಲ್ಲ, ಹೇಳಿಬಿಡುತ್ತೇನೆ.

ಮೊದಲ ದಿನವೇ ಎಡವಟ್ಟು. ಟ್ರೈನರ್ ಮೇಡಂ ಬಾಯಿಗಿಂತ ಕೈಯೇ ಹೆಚ್ಚು ಮಾತಾಡುತ್ತದೆ ಎಂದು ವಿವರಿಸುತ್ತಿದ್ದರು. ಅಂಗೈ ಕಾಣಿಸಿದರೆ ಪ್ರಾಮಾಣಿಕತೆ. ಬೆರಳು ತೋರಿಸಿದರೆ ದರ್ಪ. ಇದ್ದಕ್ಕಿದ್ದಂತೆ ನನ್ನನ್ನು ಎದ್ದು ನಿಲ್ಲಲು ಹೇಳಿದರು. ನಿಂತೆ. ಹೇಗೆ? ಎದೆಯ ಮೇಲೆ ಎರಡೂ ಕೈ ಕಟ್ಟಿಕೊಂಡು, ತಲೆ ಕೊಂಚ ತಗ್ಗಿಸಿ.

"ನೋಡಿ, ಎಲ್ಲರೂ ನೋಡಿ!" ಮೇಡಂ ಹಿಗ್ಗಿಹೋದರು. "ಇವರಿಗೆ ನನ್ನ ಮೇಲೆ ನಂಬಿಕೆಯಿಲ್ಲ. ಒಳಗೆ ಸಿಟ್ಟಿದೆ. ಬಾಗಿಲು ಹಾಕಿಕೊಂಡಿದ್ದಾರೆ!"

ನಾನೆಲ್ಲಿ ಬಾಗಿಲು ಹಾಕಿದೆ? ಅದು ಮರ್ಯಾದೆ ಕಣ್ರೀ! ನಮ್ಮ ಶಾಲೆಯಲ್ಲಿ ಮೇಷ್ಟ್ರು ಒಳಗೆ ಬಂದರೆ ಮೊದಲು ಕೈ ಕಟ್ಟಬೇಕು, ಮಗ್ಗಿ ಆಮೇಲೆ. ನನಗೊಂದು ಹಾಸ್ಟೆಲ್ ಸೀಟು ಕೊಡಿ ಎಂದು ಅವ್ವ ವಾರ್ಡನ್ ಮುಂದೆ ಕೈ ಕಟ್ಟಿ ನಿಂತದ್ದು ಇನ್ನೂ ಕಣ್ಣಲ್ಲಿದೆ. ಅವಳು ಸಿಟ್ಟು ಮಾಡಿಕೊಂಡು ನಿಂತಿದ್ದಳೇ?

ಸರಿ, ಇನ್ನು ಕಟ್ಟಬಾರದು ಎಂದುಕೊಂಡೆ. ಕೈ ಕೇಳಬೇಕಲ್ಲ! ದೊಡ್ಡವರ ದನಿ ಬಿದ್ದೊಡನೆ ಎರಡೂ ತಾವಾಗಿಯೇ ಹೋಗಿ ಕಂಕುಳು ಸೇರುತ್ತಿದ್ದವು. "ಗೋಂದು ಹಚ್ಕೊಂಡ್ ಬಂದಿದೀರೇನ್ರೀ?" ಎಂದರು ಪ್ರಭಾಕರ್.

ಪರೀಕ್ಷೆಯ ದಿನ ಒಂದು ಉಪಾಯ ಹೂಡಿದೆ. ಹೊಸ ಬಿಳಿ ಕಾಟನ್ ಸೀರೆ ಉಟ್ಟು ಹೋದೆ. ಬಲಗೈಯಲ್ಲಿ ಕೆಂಪು ಮಾರ್ಕರ್, ಎಡಗೈಯಲ್ಲಿ ನೀಲಿ. ಎರಡಕ್ಕೂ ಮುಚ್ಚಳವಿಲ್ಲ. ಈಗ ಕಟ್ಟಲಿ ನೋಡೋಣ!

ಮುಂದಿನ ಸಾಲಿನಲ್ಲಿ ನಮ್ಮ ದೊಡ್ಡ ಸಾಹೇಬರು ಕೂತಿದ್ದರು. ಮಾತು ಶುರು ಮಾಡಿದೆ. ಕೈಗಳು ಕಂಕುಳಿನತ್ತ ಹೊರಟವು, ಸೀರೆ ನೆನಪಾಗಿ ವಾಪಸಾದವು. ಮತ್ತೆ ಹೊರಟವು, ಮತ್ತೆ ವಾಪಸಾದವು.

"ಆಹಾ, ಕೈಗಳಲ್ಲಿ ಎಷ್ಟು ಲವಲವಿಕೆ!" ಎಂದರು ಮೇಡಂ.

ಅಷ್ಟರಲ್ಲಿ ಸಾಹೇಬರು ಗಡಿಯಾರ ನೋಡಿ, ಊಟದ ಹೊತ್ತು ಮೀರಿಸಿದಿರಿ ಎಂದು ಮೇಡಂ ಮೇಲೆಯೇ ರೇಗಿದರು. ಮೇಡಂ ದಡಕ್ಕನೆ ಎದ್ದು ನಿಂತರು. ಎದೆಯ ಮೇಲೆ ಎರಡೂ ಕೈ ಕಟ್ಟಿಕೊಂಡು, ತಲೆ ತಗ್ಗಿಸಿ!

ನನಗೆ ಸುಮ್ಮನಿರಲಾದೀತೆ? ಸಾಹೇಬರು ಆಚೆ ಹೋದದ್ದೇ ತಡ, ಹತ್ತಿರ ಹೋಗಿ ನನ್ನ ಹರಕು ತಮಿಳಿನಲ್ಲಿ ಕೇಳಿದೆ: "ಏನು ಮೇಡಂ, ಬಾಗಿಲು ಹಾಕಿಕೊಂಡಿರಾ?"

ಮೇಡಂ ತಮ್ಮ ಕೈ ತಾವೇ ನೋಡಿಕೊಂಡರು. "ಅಯ್ಯೋ, ಪಳಕ್ಕಂ ಮಾ, ಪಳಕ್ಕಂ!" ಎಂದು ಜೋರಾಗಿ ನಕ್ಕರು. ಅಭ್ಯಾಸವಂತೆ. ಎಲ್ಲರ ಊರಿನ ಮೇಷ್ಟ್ರೂ ಒಂದೇ ಎಂದಾಯಿತು.

ಸರ್ಟಿಫಿಕೇಟ್ ಸಿಕ್ಕಿತು. (ಪ್ರಭಾಕರ್‌ಗೆ ಸಿಗಲಿಲ್ಲ. ಸಾಹೇಬರಿಗೇ ಬೆರಳು ತೋರಿಸಿ ಮಾತಾಡಿದರಂತೆ. ನಾನು ನಗಲಿಲ್ಲ. ಅವರೆದುರಿಗೆ.)

ಸಂಜೆ ಪೋರೂರಿನ ಮನೆಯಲ್ಲಿ ಅದನ್ನು ಅವ್ವನ ಕೈಗಿಟ್ಟೆ. ಅವಳಿಗೆ ಓದು ಬಾರದು. "ಏನವ್ವ ಬರ್ದವ್ರೆ ಇದ್ರಲ್ಲಿ?" ಎಂದಳು.

"ದೊಡ್ಡೋರ ಮುಂದೆ ಕೈ ಕಟ್ಟದೇ ಮಾತಾಡೋದು ಕಲ್ತಿದ್ದೀನಂತೆ ಕಣವ್ವ."

ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮುಖದಲ್ಲಿ ನಗೆಯಿತ್ತು.

"ಕಟ್ಕೊ ಅಂದೋರೂ ಅವ್ರೇ, ಬಿಚ್ಚು ಅನ್ನೋರೂ ಅವ್ರೇ. ಅಲ್ಲ ಕಣವ್ವ, ನಿನ್ ಕೈ ನಿಂದಾಗೋದು ಯಾವಾಗ?"